ಅಣ್ಣ ಅಂತ ಬರೆದುಕೊಡಿ

ಆ ಫೋಟೋವನ್ನು ನನ್ನ ಮೇಜಿನ ಮೇಲೆ ತಂದಿಟ್ಟವಳು ಅವಳೇ. ಒಂದು ಮನೆಯ ಹಿತ್ತಲು. ಬಟ್ಟೆ ಒಗೆಯುವ ಕಲ್ಲು, ಹಸುವಿನ ಗೊಂತು, ಎರಡು ಕಂಬಕ್ಕೆ ಬಿಗಿದ ನೈಲಾನ್ ಹಗ್ಗ. ಹಗ್ಗದ ಮೇಲೆ ಒಂದು ಹಸಿರು ಸೀರೆ, ಅದರ ಪಕ್ಕದಲ್ಲಿ ಗಂಡಸಿನ ಬನಿಯನ್, ಪಟ್ಟೆ ಪಟ್ಟೆಯ ಚಡ್ಡಿ. ಆ ಚಡ್ಡಿಯ ಸುತ್ತ ಯಾರೋ ಕೆಂಪು ಪೆನ್ನಿನಲ್ಲಿ ದುಂಡಗೆ ಗೆರೆ ಎಳೆದಿದ್ದರು.

"ಇದನ್ನ ಯಾರಮ್ಮ ಕೊಟ್ಟಿದ್ದು?"

"ನಮ್ಮನೆಯೋರ ಕಂಪ್ನಿಯೋರು ಕಣಕ್ಕ. ಪಿಂಚಣಿ ನಿಲ್ಸವ್ರೆ. ಯಾಕ್ ನಿಲ್ಸಿದ್ರಿ ಅಂತ ಕೇಳಕ್ ಓದ್ರೆ ಇದ್ನ ಕೈಗ್ ಕೊಟ್ಟು ಕಳುಸುದ್ರು."

ನಾನು ಫೋಟೋವನ್ನು ಮಗುಚಿಟ್ಟೆ. ಎದ್ದು ಹೋಗಿ ಕೈ ತೊಳೆದುಕೊಂಡು ಬಂದೆ. ಕಾಗದ ಮುಟ್ಟಿದ್ದಕ್ಕೆ ಕೈ ತೊಳೆಯಬೇಕೆನಿಸಿದ್ದು ನನ್ನ ವಕೀಲಿಕೆಯಲ್ಲಿ ಅದೇ ಮೊದಲು.

ನಾನು ಮಾಗಡಿಯವಳು. ದಿನವೂ ಬಸ್ಸಿನಲ್ಲಿ ರಾಮನಗರಕ್ಕೆ ಬಂದು ವಕೀಲಿ ಮಾಡುತ್ತೇನೆ. ವಕೀಲರನ್ನು ಇಟ್ಟುಕೊಳ್ಳಲು ಆಗದವರಿಗೆ ಉಚಿತವಾಗಿ ಕಾನೂನು ನೆರವು ಕೊಡುವವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಜೀವನಾಂಶ, ಆಸ್ತಿ ಭಾಗ, ಹೊಡೆತ ಬಡಿತ ಎಲ್ಲ ಬರುತ್ತವೆ. ಅವುಗಳ ನಡುವೆ ಪಿಂಚಣಿಯ ಕೇಸು ಬಂದರೆ ನನಗೆ ಒಂಥರಾ ಸಮಾಧಾನ. ಎಷ್ಟು ವರ್ಷದ ಸರ್ವೀಸು, ನಿಯಮ ಏನು ಹೇಳುತ್ತದೆ, ಇಷ್ಟು ನೋಡಿದರೆ ಮುಗಿಯಿತು. ಯಾರ ಮಲಗುವ ಕೋಣೆಗೂ ಇಣುಕಬೇಕಾಗಿಲ್ಲ. ಈ ಕೇಸು ಬರುವ ತನಕ ಹಾಗೆಂದೇ ಅಂದುಕೊಂಡಿದ್ದೆ.

ಅವಳದು ಬೈರಮಂಗಲ. ನಲವತ್ತರ ಆಸುಪಾಸಿನ ಹೆಂಗಸು, ಹಸು ಸಾಕಿ ಡೇರಿಗೆ ಹಾಲು ಹಾಕುತ್ತಿದ್ದಳು. ಗಂಡ ಹೆದ್ದಾರಿ ಪಕ್ಕದ ಒಂದು ಖಾಸಗಿ ಕಾರ್ಖಾನೆಯಲ್ಲಿ ಮಷೀನು ನಡೆಸುತ್ತಿದ್ದವನು, ಶಿಫ್ಟಿನಲ್ಲಿರುವಾಗಲೇ ಎದೆನೋವು ಬಂದು ಸತ್ತ. ಆ ಕಾರ್ಖಾನೆಯವರು ತಮ್ಮದೇ ಒಂದು ಪಿಂಚಣಿ ಟ್ರಸ್ಟು ಮಾಡಿಕೊಂಡಿದ್ದರು. ಕೆಲಸಗಾರರ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದುಕೊಂಡಿದ್ದಕ್ಕೆ ಮಾಲೀಕರು ತಮ್ಮ ಪಾಲು ಸೇರಿಸಿ ಕಟ್ಟಿದ ಗಂಟು ಅದು. ಕೆಲಸದಲ್ಲಿದ್ದ ಗಂಡ ಸತ್ತರೆ ಹೆಂಡತಿಗೆ, ಕೆಲಸದಲ್ಲಿದ್ದ ಹೆಂಡತಿ ಸತ್ತರೆ ಗಂಡನಿಗೆ ಪಿಂಚಣಿ. ಅದು ನಿಲ್ಲುವುದು ಪಡೆಯುವವರು ಸತ್ತಾಗ ಅಥವಾ ಮರುಮದುವೆ ಆದಾಗ. ನಿಯಮದಲ್ಲಿ ಇದ್ದದ್ದು ಇಷ್ಟೇ.

ಆಡಳಿತ ಬದಲಾಯಿತು. ಹೊಸಬರಿಗೆ ಟ್ರಸ್ಟಿನ ಹೊರೆ ಇಳಿಸಬೇಕಿತ್ತು. ಮುದುಕರು ತಾವಾಗಿಯೇ ಕಮ್ಮಿಯಾಗುತ್ತಾರೆ. ವಯಸ್ಸಿನ್ನೂ ಇರುವ ವಿಧವೆಯರು ಮಾತ್ರ ಬಹಳ ವರ್ಷ ತೆಗೆದುಕೊಳ್ಳುತ್ತಾರಲ್ಲ? ಅವರ ಮನೆಗಳಿಗೆ ಹೋಗಿ 'ಪರಿಶೀಲನೆ' ಮಾಡಿ ಬಾ ಎಂದು ವೆಲ್‌ಫೇರ್ ಆಫೀಸರನನ್ನು ಕಳಿಸಿದರು. ಕೆಲಸಗಾರರ ಕಷ್ಟ ಸುಖ ವಿಚಾರಿಸಲಿಕ್ಕೆಂದು ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯನನ್ನು.

ಅವನು ಬಂದದ್ದನ್ನು ಅವಳು ಹೇಳಿದ್ದು ಹೀಗೆ:

"ಜೀಪು ತಂದು ಸರ್ಯಾಗಿ ನಮ್ಮನೆ ಬಾಗ್ಲಿಗೇ ನಿಲ್ಸುದ್ರಕ್ಕ. ಬೀದಿ ಜನ ಎಲ್ಲ ಎದ್ದು ಬಂದ್ರು. ನಾನು ಪಾಪ ಕಂಪ್ನಿಯೋರು ಅಂತ ಕಾಪಿ ಕಾಸ್ಕೊಟ್ಟೆ. ಕುಡುದ್ಬುಟ್ಟು, ಒಸಿ ಮನೆ ನೋಡ್ತೀವಮ್ಮ ಅಂದ. ಬಚ್ಚಲಿಗ್ ಓಗಿ ಬ್ರಸ್ ಎಷ್ಟವೆ ಅಂತ ನೋಡ್ದ. ಕ್ವಾಣೆಗ್ ಬಂದು ಆಸಿಗೆ ಎತ್ ನೋಡ್ದ. ಆಮ್ಯಾಕೆ ದಿಂಬ್ ತಗಂಡು ಮೂಸ್ದ ಕಣಕ್ಕ. ನಾಯಿ ಮೂಸ್ದಂಗೆ ಮೂಸ್ದ."

ಇಷ್ಟು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಆದರೆ ವಕೀಲಳಾಗಿ ನಾನೂ ಕೇಳಲೇಬೇಕಿತ್ತು. "ಆ ಬಟ್ಟೆ ಯಾರದಮ್ಮ?"

"ಅವುರ್ದೇ," ಎಂದಳು, ತಲೆ ತಗ್ಗಿಸದೆ.

ಅವರು ಅಂದರೆ ಬಿಡದಿಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟವನು. ಊರು ಉಯ್ಯಂಬಳ್ಳಿ ಕಡೆ. ಹೆಂಡತಿ ತೀರಿಕೊಂಡು ಒಬ್ಬನೇ ಇದ್ದ. ಇವಳ ಬೋರ್‌ವೆಲ್ಲಿನ ಮೋಟಾರು ಕೆಟ್ಟಾಗ ಬಂದವನು, ಆಮೇಲೆ ಮೋಟಾರು ಕೆಡದಿದ್ದಾಗಲೂ ಬಂದ. "ಬತ್ತಾ ಬತ್ತಾ ಉಳ್ಕಂಬುಟ್ರು," ಎಂದಳು.

"ಮದುವೆ ಆಗಿದೀರಾ? ದೇವಸ್ಥಾನದಲ್ಲಿ, ರಿಜಿಸ್ಟರ್ ಆಫೀಸಲ್ಲಿ, ಎಲ್ಲಾದರೂ?"

"ಇಲ್ಲ ಕಣಕ್ಕ. ತಾಳಿ ಒಂದ್ಸಲ ಕಟ್ಟುಸ್ಕೊಂಡಾಯ್ತು. ಅದು ಅವ್ರ ಜೊತ್ಗೇ ಓಯ್ತು. ಇವ್ರು ಇಂಗೇ ಇರ್ಲಿ, ಸಾಕು."

ಹಾಗಿದ್ದರೆ ಕಾನೂನು ಅವಳ ಕಡೆಗಿತ್ತು. ಮದುವೆಯಾದರೆ ಪಿಂಚಣಿ ನಿಲ್ಲುತ್ತದೆ, ಇವಳು ಮದುವೆಯಾಗಿಲ್ಲ. ಅದನ್ನೇ ಬರೆದು ಟ್ರಸ್ಟಿಗೆ ನೋಟಿಸು ಕಳಿಸಿದೆ. ಉತ್ತರವಾಗಿ ಅದೇ ಫೋಟೋದ ಇನ್ನೊಂದು ಪ್ರತಿ ಬಂತು. ದಾವಾ ಹಾಕಿದೆ.

ಹಾಕುವ ಮೊದಲು ಒಂದು ಭಾನುವಾರ ಅವಳ ಮನೆ ನೋಡಲು ಹೋಗಿದ್ದೆ. ಬಿಡದಿಯಲ್ಲಿ ಬಸ್ಸು ಬದಲಿಸಿ ಹೋಗುವಾಗ ಊರು ಇನ್ನೂ ದೂರವಿರುವಾಗಲೇ ಜಲಾಶಯದ ವಾಸನೆ ಮೂಗಿಗೆ ಬಡಿಯಿತು. ಮೇಲಿನ ಪಟ್ಟಣದ ಕೊಳಚೆಯೆಲ್ಲ ಬಂದು ನಿಲ್ಲುವ ನೀರು. ಕಾಲುವೆಯ ಮೇಲೆ ಸೋಪಿನ ನೊರೆ ಗುಡ್ಡೆಗುಡ್ಡೆಯಾಗಿ ತೇಲುತ್ತಿತ್ತು. ನಾನು ಸೆರಗು ಮೂಗಿಗೆ ಒತ್ತಿಕೊಂಡೆ. ಪಕ್ಕದ ಸೀಟಿನ ಹೆಂಗಸು ನನ್ನನ್ನು ನೋಡಿ, "ಒಸಿ ಒತ್ತು ಕಣಮ್ಮ, ಆಮ್ಯಾಕೆ ಗೊತ್ತಾಗಕಿಲ್ಲ," ಎಂದಳು. ನಿಜ, ಅವಳ ಮನೆ ತಲುಪುವ ಹೊತ್ತಿಗೆ ನನಗೆ ಗೊತ್ತಾಗುತ್ತಿರಲಿಲ್ಲ. ಅದು ಇನ್ನೂ ಹೇಸಿಗೆ ಎನಿಸಿತು.

ಮನೆಯಲ್ಲಿ ಅವಳ ಅತ್ತೆ ಇದ್ದಳು, ಸತ್ತವನ ತಾಯಿ. ಸೊಂಟ ಮುರಿದು ಮಂಚ ಹಿಡಿದಿದ್ದ ಮುದುಕಿ. ಮಗನ ಜಾಗಕ್ಕೆ ಇನ್ನೊಬ್ಬ ಬಂದಿರುವಾಗ ಈಕೆ ಸೊಸೆಯ ಪರ ಮಾತಾಡುತ್ತಾಳೆಯೇ ಎಂಬ ಅಳುಕು ನನಗಿತ್ತು. ಅವಳೇ ನನ್ನನ್ನು ಹತ್ತಿರ ಕರೆದಳು.

"ಇಲ್ ಬಾವ್ವ. ನೀನೇನಾ ಲಾಯರಮ್ಮ? ನನ್ ಮಗ ದುಡುದಿದ್ದು ನನ್ ಸೊಸೇಗೇ ಸೇರ್ಬೇಕು. ಅವ್ಳು ಯಾರ್ ಜೊತ್ಗಾರ ಇರ್ಲಿ. ಆ ಕಂಪ್ನಿಯೋನು ಈ ಮಂಚುದ್ ತಾವ ಬಂದು ನನ್ ದಿಂಬೂ ಮೂಸ್ದ ಕಣವ್ವ! ನಂದು! ಎಲೆಡಿಕೆ ವಾಸ್ನೆ ಬಿಟ್ರೆ ಇನ್ನೇನಿದ್ದಾತು ಅದ್ರಲ್ಲಿ?"

ಅಷ್ಟರಲ್ಲಿ ಮೋಟಾರು ಅಂಗಡಿಯವನು ಒಳಗೆ ಬಂದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ, ಮೈಯಿಂದ ವಾರ್ನಿಷ್ಷಿನ ವಾಸನೆ. ನನಗೆ ನಮಸ್ಕಾರ ಹೇಳಿ, ಮುದುಕಿಯ ಬೆನ್ನಿಗೂ ಮೊಣಕಾಲಿಗೂ ಕೈಕೊಟ್ಟು ಎತ್ತಿ, ಜಗಲಿಯ ಬಿಸಿಲಿನಲ್ಲಿ ಕೂರಿಸಿ, ಕಾಲಿನ ಮೇಲೆ ಸೀರೆ ಸರಿಮಾಡಿದ. ಅವಳು ಅವನನ್ನು "ಮಗ" ಎಂದು ಕರೆದಳು. ಇದನ್ನೆಲ್ಲ ಫೋಟೋ ತೆಗೆದವನು ನೋಡಿರಲಿಕ್ಕಿಲ್ಲ. ನೋಡಿದ್ದರೂ ಕೆಂಪು ಗೆರೆ ಎಳೆಯುತ್ತಿದ್ದ, ಅಷ್ಟೇ.

ಕೋರ್ಟು ನಮ್ಮನ್ನು ಮೊದಲು ರಾಜಿಗೆ ಕಳಿಸಿತು. ಒಂದು ಸಣ್ಣ ಕೋಣೆ, ಉದ್ದದ ಮೇಜು, ನಡುವೆ ಮಧ್ಯಸ್ಥಿಕೆಗೆ ನೇಮಿಸಿದ ಹಿರಿಯ ವಕೀಲರು. ಟ್ರಸ್ಟಿನ ಪರ ಬಂದವರೂ ಹಿರಿಯರೇ. ಸುಗಂಧ ಪೂಸಿಕೊಂಡು, ಬಾಯಲ್ಲಿ ಏಲಕ್ಕಿ ಅಗಿಯುತ್ತ, ನನ್ನನ್ನು "ಮಗಳೇ" ಎಂದೇ ಮಾತಾಡಿಸುವವರು. ವೆಲ್‌ಫೇರ್ ಆಫೀಸರನೂ ಪಕ್ಕದಲ್ಲಿ ಕೂತಿದ್ದ. ಅವನ ಮೂಗನ್ನು ನೋಡದಿರಲು ನಾನು ಬಹಳ ಪ್ರಯತ್ನಪಟ್ಟೆ.

ಟ್ರಸ್ಟಿನ ವಕೀಲರು ನೇರವಾಗಿ ವಿಷಯಕ್ಕೆ ಬಂದರು. "ನಮಗೇನು ಹಟ ಇಲ್ಲಮ್ಮ. ಕಂಪನಿಯವರಿಗೂ ಮನುಷ್ಯತ್ವ ಇದೆ. ಒಂದು ಅಫಿಡವಿಟ್ ಮಾಡಿಸಿಬಿಡಿ. ಆ ಮನುಷ್ಯ ನನಗೆ ಒಡಹುಟ್ಟಿದ ಅಣ್ಣನ ಸಮಾನ, ಅಣ್ಣ ತಂಗಿ ಥರ ಇದ್ದೀವಿ ಅಂತ. ನಿಂತ ದಿನದಿಂದ ಪಿಂಚಣಿ ಬಿಡಿಸಿಕೊಡೋ ಜವಾಬ್ದಾರಿ ನಂದು."

ಮಧ್ಯಸ್ಥರ ಮುಖ ಅರಳಿತು. "ಒಳ್ಳೇ ಸಲಹೆ. ಏನಮ್ಮ, ಒಂದು ಮಾತು ತಾನೆ? ಅಣ್ಣ ಅಂತ ಬರೆದುಕೊಡು. ನಿನಗೂ ಮರ್ಯಾದೆ, ಅವರಿಗೂ ಮರ್ಯಾದೆ."

ನಾನು ಅವಳನ್ನು ಹೊರಗೆ ವರಾಂಡಕ್ಕೆ ಕರೆದುಕೊಂಡು ಹೋಗಿ, ಇದಕ್ಕೆ ಒಪ್ಪಿದರೆ ಕೇಸು ಇವತ್ತೇ ಮುಗಿಯುತ್ತದೆ, ಒಪ್ಪದಿದ್ದರೆ ವರ್ಷಗಟ್ಟಲೆ ಹಿಡಿಯಬಹುದು, ಕೋರ್ಟಿನಲ್ಲಿ ನಿಲ್ಲಿಸಿ ಕೇಳಬಾರದ್ದೆಲ್ಲ ಕೇಳುತ್ತಾರೆ, ತೀರ್ಮಾನ ನಿನ್ನದು ಎಂದೆ. ಅವಳು ಸುಮ್ಮನೆ ಕೇಳಿಸಿಕೊಂಡು ಒಳಗೆ ಬಂದಳು. ಕೂರಲಿಲ್ಲ.

"ಸ್ವಾಮಿ, ಅಣ್ಣ ಅಂತ ಬರ್ಕೊಟ್ಟು ಮನೇಗ್ ಓದ್ರೆ, ರಾತ್ರಿ ಯಾವ್ ಮುಖ ಒತ್ಕಂಡು ಅವ್ರ ಪಕ್ಕ ಮಲಿಕಳ್ಳಿ? ಅಸಯ್ಯ ಆಗಾಕಿಲ್ವ ನಿಮ್ಗೆ, ಇಂಥ ಮಾತು ಏಳಕೆ?"

ಮಧ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲು ಚೇತರಿಸಿಕೊಂಡವರು ಟ್ರಸ್ಟಿನ ವಕೀಲರು. ಆಫೀಸರನ ಕಡೆ ತಿರುಗಿ, "ಕೇಳಿಸಿಕೊಂಡ್ರಲ್ಲ? ಬಾಯಿಬಿಟ್ಟು ಒಪ್ಪಿಕೊಂಡಳು," ಎಂದರು. ರಾಜಿ ಕೋಣೆಯಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಬಳಸುವ ಹಾಗಿಲ್ಲ ಎಂದು ನಾನು ನೆನಪಿಸಿದೆ. "ಗೊತ್ತು ಮಗಳೇ," ಎಂದು ನಕ್ಕರು. ಹಲ್ಲಿನ ಸಂದಿಯಲ್ಲಿ ಏಲಕ್ಕಿ ಸಿಪ್ಪೆ ಕಾಣುತ್ತಿತ್ತು.

ಅವಳ ಪಾಟೀಸವಾಲಿನ ದಿನ ಕೋರ್ಟ್ ಹಾಲು ತುಂಬಿತ್ತು. ಬೇರೆ ಹಾಲುಗಳಲ್ಲಿ ಕೆಲಸವಿದ್ದ ವಕೀಲರೂ ಬಂದು ಹಿಂದಿನ ಬೆಂಚುಗಳಲ್ಲಿ ಕೂತಿದ್ದರು. ಅವರಲ್ಲಿ ಕೆಲವರು ನನ್ನ ಜೊತೆ ಓದಿದವರು. ಜಮೀನಿನ ಗಡಿ, ಚೆಕ್ ಬೌನ್ಸು ಇಂಥವನ್ನೇ ಕೇಳಿ ಕೇಳಿ ಬೇಸತ್ತವರಿಗೆ ಇವತ್ತು ಏನೋ ಸಿಗುತ್ತದೆ ಎಂಬ ಆಸೆ ಮುಖದಲ್ಲಿತ್ತು.

"ನಿಮ್ಮ ಮನೆಯಲ್ಲಿ ಮಂಚ ಎಷ್ಟಿವೆ?" ಎಂದು ಶುರುವಾಯಿತು. ಅತ್ತೆಯ ಮಂಚ ಯಾವ ಕೋಣೆಯಲ್ಲಿ, ಇನ್ನೊಂದು ಮಂಚದ ಅಗಲ ಎಷ್ಟು, ಬಾಗಿಲಿಗೆ ಅಗುಳಿ ಒಳಗಿದೆಯೋ ಹೊರಗಿದೆಯೋ. ನಾನು ಎದ್ದು ಆಕ್ಷೇಪಿಸಿದೆ. ಕೇಸಿಗೆ ಬೇಕಾದದ್ದು ಮದುವೆ ಆಗಿದೆಯೋ ಇಲ್ಲವೋ ಎಂಬುದು, ಮಂಚದ ಅಗಲ ಅಲ್ಲ ಎಂದೆ. ನ್ಯಾಯಾಧೀಶರು ತಲೆ ಎತ್ತದೆ, "ಕೇಳಲಿ ಬಿಡಿ. ಸಂಬಂಧ ಎಂಥದ್ದು ಅಂತ ಗೊತ್ತಾಗಬೇಕಲ್ಲ," ಎಂದರು. ಹಿಂದಿನ ಬೆಂಚಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ನಕ್ಕರು.

ಟ್ರಸ್ಟಿನ ವಕೀಲರು ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವ ಮೊದಲೇ ಅವಳು ಕಟಕಟೆಯಿಂದ ನ್ಯಾಯಾಧೀಶರ ಕಡೆ ತಿರುಗಿದಳು.

"ಒಂದೊಂದಾಗಿ ಯಾಕ್ ಕೇಳ್ತಾರೆ ಬುದ್ಧಿ? ನಾನೇ ಏಳ್ಬುಡ್ತೀನಿ. ನಾವಿಬ್ರೂ ಒಂದೇ ತಾವ ಮಲಿಕತೀವಿ. ಮದ್ವೆ ಆಗಿಲ್ಲ. ಬರ್ಕಳಿ."

ಟೈಪು ಮಾಡುತ್ತಿದ್ದ ಹುಡುಗಿ ಅದನ್ನು ಹಾಗೆಯೇ ಬರೆದುಕೊಂಡಳು. ಟ್ರಸ್ಟಿನ ವಕೀಲರು ಎಳೆಎಳೆಯಾಗಿ ಎಳೆಯಬೇಕೆಂದು ಕಟ್ಟಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಕೈಯಲ್ಲೇ ಉಳಿದವು. ಹಿಂದಿನ ಬೆಂಚಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಅವರ ಮುಖದಲ್ಲಿದ್ದ ನಿರಾಸೆಯನ್ನು ನೋಡಿ ನನಗಾದ ಅಸಹ್ಯ ಆ ಫೋಟೋ ನೋಡಿದಾಗಲೂ ಆಗಿರಲಿಲ್ಲ. ಇವರ ಜೊತೆ ನಾನು ದಿನವೂ ಊಟದ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದೆ. ಅಂದಿನಿಂದ ನಾನು ಒಬ್ಬಳೇ ಉಣ್ಣುತ್ತೇನೆ.

ನನ್ನ ಸರದಿ ಬಂದಾಗ ಆಫೀಸರ ಇಸ್ತ್ರಿ ಮಾಡಿದ ಬಿಳಿ ಶರಟಿನಲ್ಲಿ ಕಟಕಟೆ ಹತ್ತಿದ.

"ಇವರ ಮರುಮದುವೆ ಎಲ್ಲಿ ನಡೆಯಿತು?"

"ಅದು ಗೊತ್ತಿಲ್ಲ."

"ನೋಡಿದವರು ಯಾರಾದರೂ?"

"ಇಲ್ಲ. ಆದರೆ ಪರಿಸ್ಥಿತಿ ನೋಡಿದರೆ ಗೊತ್ತಾಗುತ್ತೆ."

"ಪರಿಸ್ಥಿತಿ ನೋಡಲಿಕ್ಕೆ ದಿಂಬು ಮೂಸಿದ್ದು ನಿಜವೇ?"

"ನೆನಪಿಲ್ಲ," ಎಂದ.

"ಕೆಲಸದಲ್ಲಿದ್ದ ಹೆಂಡತಿ ಸತ್ತು ಪಿಂಚಣಿ ತೆಗೆದುಕೊಳ್ಳುತ್ತಿರುವ ಗಂಡಸರೂ ನಿಮ್ಮ ಟ್ರಸ್ಟಿನಲ್ಲಿ ಇದ್ದಾರಲ್ಲ? ಅವರ ಮನೆಗೂ ಹೋಗಿದ್ದೀರಾ?"

ಅವನಿಗೆ ಈ ಪ್ರಶ್ನೆ ನಿಜಕ್ಕೂ ಅರ್ಥವಾಗಲಿಲ್ಲ. "ಅವರ ಮನೆಗೆ ಯಾಕೆ ಮೇಡಂ? ಗಂಡಸರು ಹೆಂಗಿದ್ರೇನು?"

"ಬೇರೆ ಹೆಂಗಸರ ಮನೆಗೆ?"

"ಹೋಗಿದೀನಿ. ಚನ್ನಪಟ್ಟಣ, ಕನಕಪುರ ಎಲ್ಲ ಕಡೆ. ಅವರು ಯಾರೂ ಈಯಮ್ಮನ ಥರ ಗಲಾಟೆ ಮಾಡಲಿಲ್ಲ. ಪಿಂಚಣಿ ಬೇಡ ಅಂತ ಅಲ್ಲೇ ಬರೆದುಕೊಟ್ಟರು." ಅದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು. ಕೆಲಸವನ್ನು ಚೆನ್ನಾಗಿ ಮಾಡಿದವನ ಹೆಮ್ಮೆ.

ತೀರ್ಪು ನಮ್ಮ ಪರ ಬಂತು. ಮರುಮದುವೆ ಸಾಬೀತಾಗಿಲ್ಲ, ನಿಂತ ದಿನದಿಂದ ಪಿಂಚಣಿ ಕೊಡತಕ್ಕದ್ದು. ಓದುತ್ತಾ ಹೋದರೆ ಕೊನೆಗೆ ಇನ್ನೊಂದು ಪ್ಯಾರಾ. ವಾದಿಯ ನಡತೆಯನ್ನು ಈ ನ್ಯಾಯಾಲಯ ಯಾವ ರೀತಿಯಲ್ಲೂ ಒಪ್ಪುವುದಿಲ್ಲ, ಸತ್ತ ಗಂಡನ ನೆನಪಿಗೆ ಆಕೆ ತೋರಿದ ಅಗೌರವ ಖೇದಕರ, ಕಾನೂನಿನ ಅಕ್ಷರಕ್ಕೆ ಕಟ್ಟುಬಿದ್ದು ಮಾತ್ರ ಈ ಪರಿಹಾರ ಕೊಡಲಾಗಿದೆ ಎಂದು.

ಅವಳಿಗೆ ಪೂರ್ತಿ ಓದಿ ಕನ್ನಡದಲ್ಲಿ ಹೇಳಿದೆ. ಆ ಪ್ಯಾರಾ ಬಿಟ್ಟುಬಿಡಬಹುದಿತ್ತು. ಆದರೆ ಅವಳ ವಿಷಯವಾಗಿ ಬರೆದದ್ದನ್ನು ಅವಳಿಂದ ಮುಚ್ಚಿಡಲು ನಾನು ಯಾರು? ಗೆದ್ದ ಸುದ್ದಿಗೆ ಅವಳು ತಲೆಯಾಡಿಸಿದಳು. ಈ ಸಾಲುಗಳಿಗೆ ಬಂದಾಗ ಮುಖ ಗಟ್ಟಿಯಾಯಿತು.

"ಅವ್ರ ನೆನಪು ನಂಗ್ ಗೊತ್ತಾ, ಆ ಜಡ್ಜಿಗ್ ಗೊತ್ತಾ? ನನ್ ಗಂಡುನ್ ಇವ್ರೇನ್ ಕಂಡಿದ್ರಾ? ಅಕ್ಕ, ಇದ್ನ ಒರ್ಸಾಕ್ಸು."

ಗೆದ್ದವರು ತೀರ್ಪಿನ ಮೇಲೆ ಅಪೀಲು ಹೋಗುವುದು ಸುಲಭವಲ್ಲ. ಆದರೆ ಟ್ರಸ್ಟಿನವರೇ ಅಪೀಲು ಹಾಕಿದರು. ಅದರಲ್ಲಿ ನಮ್ಮದೂ ಒಂದು ಆಕ್ಷೇಪಣೆ ಸೇರಿಸಿ, ಆ ಪ್ಯಾರಾವನ್ನು ತೆಗೆದುಹಾಕಬೇಕೆಂದು ಕೇಳಿದೆ. ನನ್ನ ಪರಿಚಯದ ಹಿರಿಯರೊಬ್ಬರು, "ಪಿಂಚಣಿ ಕೊಡಬೇಕು ಅಂತ ಆಯ್ತಲ್ಲ, ಇನ್ನೇನು? ಸುಮ್ಮನೆ ಜಡ್ಜರ ಕೋಪ ಕಟ್ಟಿಕೊಳ್ಳಬೇಡ," ಎಂದು ಬುದ್ಧಿ ಹೇಳಿದರು. ಎಲ್ಲರೂ ಅದನ್ನೇ ಹೇಳಿದರು. ಹೊಲಸು ಮೆತ್ತಿದ ಅನ್ನವನ್ನು ಎಲೆಗೆ ಹಾಕಿ, ಅನ್ನ ಹಾಕಿದ್ದೇವಲ್ಲ ತಿನ್ನು ಎಂದಂತಿತ್ತು.

ಆ ಅಪೀಲು ನಡೆಯುತ್ತಿರುವಾಗ ಮುದುಕಿ ತೀರಿಕೊಂಡಳು. ಮಣ್ಣಿಗೆ ನಾನು ಹೋಗಿದ್ದೆ. ಹೆಗಲು ಕೊಡಲು ಮೋಟಾರು ಅಂಗಡಿಯವನು ಮುಂದೆ ಬಂದಾಗ ದಾಯಾದಿಗಳು ಹಿಂದಕ್ಕೆ ತಳ್ಳಿದರು. ಅವನು ಹೋಗಿ ಬೇಲಿಯ ಪಕ್ಕ ನಿಂತ. ಅವಳು ನೆಟ್ಟಗೆ ನಡೆದು ಹೋಗಿ ಅವನ ಪಕ್ಕದಲ್ಲಿ ನಿಂತುಕೊಂಡಳು.

ಅಪೀಲಿನಲ್ಲೂ ನಾವೇ ಗೆದ್ದೆವು. ಆ ಪ್ಯಾರಾ ಅನಗತ್ಯವಾದ್ದರಿಂದ ತೆಗೆದುಹಾಕಲಾಗಿದೆ ಎಂದು ಒಂದೇ ಸಾಲು ಬರೆದಿದ್ದರು. ಅನಗತ್ಯ. ತಪ್ಪು ಎನ್ನಲಿಲ್ಲ. ಅವಳಿಗೆ ಅಷ್ಟು ಸಾಕಾಗಿತ್ತು. "ಒರ್ಸುದ್ರಲ್ಲ, ಬುಡು," ಎಂದಳು. ಪಿಂಚಣಿ ಮತ್ತೆ ಬರಲು ಶುರುವಾಯಿತು. ತನ್ನ ಹಸುವಿನ ಹಾಲು ಕಾಯಿಸಿ ಮಾಡಿದ ಪಾಲ್ಕೋವ ತಂದು ಕೊಟ್ಟಳು. ಬಹಳ ದಿನಗಳ ಮೇಲೆ ನಾನು ಏನನ್ನಾದರೂ ರುಚಿಯಾಗಿ ತಿಂದದ್ದೆಂದರೆ ಅದೇ.

ಟ್ರಸ್ಟಿನ ವಕೀಲರು ಕ್ಯಾಂಟೀನಿನಲ್ಲಿ ಸಿಕ್ಕಿ, "ಭೇಷ್ ಮಗಳೇ, ಚೆನ್ನಾಗಿ ನಡೆಸಿದೆ," ಎಂದು ತಲೆ ಸವರಲು ಕೈ ಎತ್ತಿದರು. ನಾನು ಹಿಂದೆ ಸರಿದೆ. ಅವರಿಗೆ ಬೇಜಾರಾಯಿತು. ಕೇಸು ಬೇರೆ, ಮನುಷ್ಯ ಸಂಬಂಧ ಬೇರೆ ಅಲ್ಲವೇನಮ್ಮ ಎಂದರು.

ಆಫೀಸರ ಹೆಮ್ಮೆಯಿಂದ ಹೇಳಿದ ಆ ಬೇರೆ ಹೆಂಗಸರು ನನ್ನ ತಲೆಯಿಂದ ಹೋಗಲಿಲ್ಲ. ಬೈರಮಂಗಲದವಳೇ ವಿಚಾರಿಸಿ, ಕನಕಪುರದಲ್ಲಿರುವ ಒಬ್ಬಳ ವಿಳಾಸ ಕೊಟ್ಟಳು. ಇಬ್ಬರ ಗಂಡಂದಿರೂ ಒಂದೇ ಶಿಫ್ಟಿನವರಂತೆ. ವಕಾಲತ್ತಿನ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಬ್ಲೌಸು ಹೊಲಿದು ಬದುಕುವ ಹೆಂಗಸು, ಹೈಸ್ಕೂಲಿಗೆ ಹೋಗುವ ಮಗಳು. ಮನೆಯಲ್ಲಿ ಗಂಡಸಿನ ಸುಳಿವೇ ಇರಲಿಲ್ಲ.

"ನಿಮ್ಮ ಮನೆಯಲ್ಲಿ ಅವರು ಕಂಡದ್ದಾದರೂ ಏನು?" ಎಂದು ಕೇಳಿದೆ.

"ಚಪ್ಲಿ," ಎಂದಳು. "ನಮ್ಮನೆಯೋರ್ದು. ಅವ್ರು ಓದ್ಮೇಲೂ ಬಾಗ್ಲಲ್ಲೇ ಬುಟ್ಟಿದ್ದೆ. ಎಣ್ ಮಗ ಇಟ್ಕಂಡಿರೋ ಒಂಟಿ ಎಂಗ್ಸು, ಒಳ್ಗೆ ಗಂಡ್ಸವ್ನೆ ಅಂತ ಜನ ಅನ್ಕಳ್ಳಿ ಅಂತ. ಯಾರ್ದಮ್ಮ ಇದು ಅಂದ್ರು. ನಮ್ಮನೆಯೋರ್ದು ಅಂದೆ. ನಿಮ್ಮನೆಯೋರು ಸತ್ತೋಗವ್ರಲ್ಲ, ಈಗಿನ ಮನೆಯೋರು ಯಾರು ಅಂದ್ರು. ಮಗ್ಳು ಅಲ್ಲೇ ನಿಂತಿದ್ಲು. ಕ್ವಾಣೆ ಒಳಿಕ್ ಬತ್ತೀವಿ ಅಂದ್ರು. ಬ್ಯಾಡ ಸ್ವಾಮಿ, ಎಲ್ ಸೈನಾಕ್ಬೇಕು ಏಳಿ ಅಂದ್ಬುಟ್ಟೆ."

ನಮ್ಮ ಕೇಸು ಗೆದ್ದಿದೆ, ನಿಮ್ಮದು ಇನ್ನೂ ಸುಲಭ, ಒತ್ತಾಯದಿಂದ ಬರೆಸಿಕೊಂಡದ್ದು ನಿಲ್ಲುವುದಿಲ್ಲ ಎಂದು ವಿವರಿಸಿದೆ. ಅವಳು ಮಷೀನಿನ ಚಕ್ರದ ಮೇಲೆ ಕೈಯಿಟ್ಟು ಕೇಳಿದಳು. "ಕೋರ್ಟಲ್ಲಿ ಚಪ್ಲಿ ವಿಸ್ಯ ಕೇಳ್ತಾರಾ ಮೇಡಂ? ಎಲ್ರ ಮುಂದೆ?"

"ಕೇಳುತ್ತಾರೆ," ಎಂದೆ. ಸುಳ್ಳು ಹೇಳಲಾಗಲಿಲ್ಲ.

"ಅಂಗಾರೆ ಬ್ಯಾಡ. ಮಗ್ಳು ಎಸ್ಸೆಲ್ಸಿ ಮುಗುಸ್ಲಿ. ಆಮ್ಯಾಕೆ ನಾನೇ ಪೋನ್ ಮಾಡ್ತೀನಿ."

ನನ್ನ ನಂಬರನ್ನು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಳು. ಪರೀಕ್ಷೆ ಮುಗಿದು ಫಲಿತಾಂಶವೂ ಬಂದಾಯಿತು. ಫೋನು ಇನ್ನೂ ಬಂದಿಲ್ಲ. ಮುಂದಿನ ವಾರ ಚನ್ನಪಟ್ಟಣದವಳನ್ನು ನೋಡಲು ಹೋಗುತ್ತಿದ್ದೇನೆ.